ಹೊಸ ಕ್ಯಾಂಪರ್ ಕೊಳ್ಳುವ ಮುನ್ನ ಸನ್‌ಮೈಕಾದ ಹಿಂದೆ ನೋಡಿ

ಕಲಬುರಗಿಯಲ್ಲಿ ಕ್ಯಾಂಪರ್ ಅಂದರೆ ಒಬ್ಬರು ಹಿಂದೆ ತೊಗರಿ ಚೀಲ ಹೇರಿಕೊಂಡ ಡಬಲ್ ಕ್ಯಾಬಿನ್ ಬೊಲೆರೊ ತೋರಿಸುತ್ತಾರೆ, ಇನ್ನೊಬ್ಬರು ಮದುವೆಮನೆಗೆ ಬರುವ ತಣ್ಣೀರಿನ ಜಾರ್ ತೋರಿಸುತ್ತಾರೆ. ಈ ಲೇಖನ ಮೂರನೆಯ ಕ್ಯಾಂಪರಿನದು. ಮಲಗಲು ಹಾಸಿಗೆ, ಒಲೆ, ನೀರು, ಕರೆಂಟು, ಸಾಧ್ಯವಾದರೆ ಶೌಚಾಲಯವೂ ಇರುವ ಗಾಡಿ. ಗಾಣಗಾಪುರದಲ್ಲಿ ಎರಡು ರಾತ್ರಿ ಉಳಿಯಲು, ಚಂದ್ರಂಪಳ್ಳಿ ಅಣೆಕಟ್ಟಿನ ಕಡೆ ಹೋಗಲು, ವಯಸ್ಸಾದವರನ್ನು ಕರೆದುಕೊಂಡು ಪಂಢರಪುರ ಮುಟ್ಟಲು ಇಂಥದೊಂದು ಬೇಕು ಎನ್ನುವವರು ಈಗ ಕಲಬುರಗಿ, ಬೀದರ್, ಯಾದಗಿರಿ ಮೂರು ಜಿಲ್ಲೆಗಳಲ್ಲೂ ಸಿಗುತ್ತಾರೆ.

ಬಾಡಿ ಕಟ್ಟುವವರ ಶೆಡ್ಡಿನಲ್ಲಿ ಎಲ್ಲ ಕ್ಯಾಂಪರೂ ಚೆಂದ ಕಾಣುತ್ತವೆ. ಬಣ್ಣದ ಎಲ್‌ಇಡಿ, ಹೊಳೆಯುವ ಸನ್‌ಮೈಕಾ, ಗೋಡೆಗೆ ಟಿವಿ. ಆದರೆ ಗಾಡಿ ಬಾಳುವುದು ನಮ್ಮ ಮೇ ತಿಂಗಳ 42-43 ಡಿಗ್ರಿಯಲ್ಲಿ, ಎರೆಮಣ್ಣಿನ ಧೂಳಿನಲ್ಲಿ, ಹಂಪು ಗುಂಡಿಗಳ ಮೇಲೆ. ಕಟ್ಟಿದವರ ಕೆಲಸ ಗೊತ್ತಾಗಬೇಕಾದರೆ ಬಿಸಿಲು, ಧೂಳು, ಕುಲುಕಾಟ, ತೂಕ ಈ ನಾಲ್ಕಕ್ಕೂ ಗಾಡಿಯನ್ನು ಒಡ್ಡಿಯೇ ನೋಡಬೇಕು. ಟಿವಿ ಎಷ್ಟು ಇಂಚಿನದು ಎಂಬುದನ್ನು ಕೊನೆಗೆ ಕೇಳಿದರಾಯಿತು.

ಮೊದಲು ಕಾಗದ

ಒಳಗೆ ಹತ್ತಿ ಹಾಸಿಗೆ ಒತ್ತಿ ನೋಡುವ ಮೊದಲು ಕಾಗದ ಕೇಳಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮನಸ್ಸಿಗೆ ಬಂದಹಾಗೆ ಬದಲಿಸುವಂತಿಲ್ಲ. ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್ 124 ಎಂಬ ಮಾನದಂಡ ಬೇರೆ ಇದೆ. ನಿಮಗೆ ತೋರಿಸುತ್ತಿರುವ ಮಾದರಿಗೆ ಪುಣೆಯ ಎಆರ್‌ಎಐ ಅಥವಾ ಅಂಥದೇ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯ ಅನುಮೋದನೆ ಪತ್ರ ಇದೆಯೇ, ಆ ಪತ್ರದಲ್ಲಿರುವ ಗಾಲಿ ಅಂತರ (ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ಇರುವ ದೂರ) ಮತ್ತು ಸೀಟಿನ ಸಂಖ್ಯೆ ಎದುರಿಗೆ ನಿಂತ ಗಾಡಿಗೆ ಹೊಂದುತ್ತವೆಯೇ ಎಂದು ತಾಳೆ ಹಾಕಿ. “ಪ್ಯಾಸೆಂಜರ್ ವ್ಯಾನ್ ಅಂತ ಪಾಸ್ ಮಾಡಿಸಿ ಆಮೇಲೆ ಸೀಟು ಬಿಚ್ಚಿ ಹಾಸಿಗೆ ಹಾಕಿಕೊಡ್ತೀವಿ” ಎಂದರೆ ಅಲ್ಲಿಂದ ಹೊರಡಿ. ಆರ್‌ಸಿಯಲ್ಲಿ ಒಂದು, ಒಳಗೆ ಇನ್ನೊಂದು ಇದ್ದರೆ ಅಪಘಾತವಾದ ದಿನ ವಿಮೆಯವರು ಮೊದಲು ಹಿಡಿಯುವುದು ಅದನ್ನೇ. ಕಲಬುರಗಿ ಕೆಎ 32 ಇರಲಿ, ಯಾದಗಿರಿ ಕೆಎ 33 ಇರಲಿ, ಬೀದರ್ ಕೆಎ 38 ಇರಲಿ, ಮುಂಗಡ ಕೊಡುವ ಮೊದಲೇ ಆ ಪತ್ರದ ಪ್ರತಿ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ ಯಾವ ವರ್ಗದಲ್ಲಿ ನೋಂದಣಿ, ತೆರಿಗೆ ಎಷ್ಟು ಎಂದು ಕೇಳಿಕೊಂಡು ಬನ್ನಿ. ಒಟ್ಟು ತೂಕದ ಮಿತಿ 7,500 ಕೆ.ಜಿ. ಒಳಗಿದ್ದರೆ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಸಾಕು. ವ್ಯಾನಿನ ಮೇಲೆ ಕಟ್ಟಿದ ಬಹುತೇಕ ಕ್ಯಾಂಪರ್‌ಗಳು ಈ ಮಿತಿಯೊಳಗೇ ಬರುತ್ತವೆ.

ಕಾರಿಗೆ ಕಟ್ಟಿ ಎಳೆಯುವ ಟ್ರೇಲರ್ ಅಗ್ಗ, ಹೌದು. ಆದರೆ ಬೀದರ್ ಹಳೆ ಊರಿನ ಓಣಿಯಲ್ಲಿ ಅದನ್ನು ರಿವರ್ಸ್ ತೆಗೆಯುವುದನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಮೊದಲ ಸಲ ಕೊಳ್ಳುವವರಿಗೆ ಅದು ಬೇಡ.

ತೂಕ: ಕಾಟಾ ಸುಳ್ಳು ಹೇಳುವುದಿಲ್ಲ

ಕ್ಯಾಂಪರ್ ಕೆಡುವುದಕ್ಕೆ ಮುಖ್ಯ ಕಾರಣ ಅತಿಭಾರ. ಸ್ಪ್ರಿಂಗ್ ಕೂರುತ್ತದೆ, ಹಿಂದಿನ ಟೈರು ಬಿಸಿಯೇರಿ ಸಿಡಿಯುತ್ತದೆ, ಬ್ರೇಕ್ ಹಿಡಿಯಲು ಹೆಚ್ಚು ದೂರ ಬೇಕಾಗುತ್ತದೆ. ಲೆಕ್ಕ ಸುಲಭ. ಗಾಡಿಯ ಒಟ್ಟು ತೂಕದ ಮಿತಿ 3,500 ಕೆ.ಜಿ., ಖಾಲಿ ವ್ಯಾನಿನ ತೂಕ 2,300 ಎಂದು ಹಿಡಿಯಿರಿ. ಉಳಿದದ್ದು 1,200. ಮರಗೆಲಸ, ಇನ್ಸುಲೇಶನ್, ನೆಲ ಸೇರಿ 450. ಎಸಿ 40, ಬ್ಯಾಟರಿ 50, ಎರಡು ಸೋಲಾರ್ ಪ್ಯಾನೆಲ್ ಮತ್ತು ಅದರ ಚೌಕಟ್ಟು 40, ಫ್ರಿಜ್ 25, ಹೊರಚಾಚುವ ನೆರಳಿನ ಬಟ್ಟೆ 30, ಗ್ಯಾಸ್ 15, ನೀರು 100 ಲೀಟರ್ ಎಂದರೆ 100 ಕೆ.ಜಿ. ನಾಲ್ಕು ಜನ 280, ಅವರ ಸಾಮಾನು 120. ಕೂಡಿಸಿದರೆ 1,150. ಉಳಿದ 50 ಕೆ.ಜಿ.ಯಲ್ಲಿ ಶೌಚಾಲಯ, ಪಾತ್ರೆ, ಹಾಸಿಗೆ, ಒಂದು ಚೀಲ ಜೋಳ ಎಲ್ಲ ಹಿಡಿಯಬೇಕು. ಅಡುಗೆ ಕಟ್ಟೆಗೆ ಗ್ರಾನೈಟ್ ಹಾಕಿಸಿಕೊಂಡರೆ ಈ ಲೆಕ್ಕ ಅಲ್ಲಿಗೇ ತಪ್ಪುತ್ತದೆ. 20 ಮಿ.ಮೀ. ದಪ್ಪದ ಗ್ರಾನೈಟ್ ಚದರ ಮೀಟರಿಗೆ 50 ಕೆ.ಜಿ. ಮೀರುತ್ತದೆ. ಫರ್ಸಿಯೂ ಅಷ್ಟೇ. ಮನೆಗೆ ಶಹಾಬಾದ್ ಕಲ್ಲು ಚೆಂದ, ಗಾಡಿಗಲ್ಲ.

ಮಾರುವವರು ಹೇಳುವ ತೂಕ ನಂಬಬೇಡಿ. ಪೂರ್ತಿ ಕಟ್ಟಿದ ಒಂದು ಗಾಡಿಯನ್ನು ನೀರು, ಡೀಸೆಲ್ ಪೂರ್ತಿ ತುಂಬಿಸಿ ಧರ್ಮಕಾಟಾದ (ಲಾರಿ ತೂಗುವ ವೇಬ್ರಿಡ್ಜ್) ಮೇಲೆ ಹತ್ತಿಸಿ. ನಮ್ಮಲ್ಲಿ ದಾಲ್ ಮಿಲ್ ಇರುವ ಕಡೆ ಕಾಟಾಗೆ ಕೊರತೆಯಿಲ್ಲ. ಮೊದಲು ಇಡೀ ಗಾಡಿ ತೂಗಿ, ಆಮೇಲೆ ಮುಂದಿನ ಗಾಲಿ ಮಾತ್ರ ಕಾಟಾ ಮೇಲಿರುವಂತೆ ನಿಲ್ಲಿಸಿ ಇನ್ನೊಮ್ಮೆ ತೂಗಿ. ಎರಡರ ವ್ಯತ್ಯಾಸವೇ ಹಿಂದಿನ ಆಕ್ಸಲ್ ಹೊರೆ. ತಯಾರಕರು ಹಿಂದಿನ ಆಕ್ಸಲ್‌ಗೆ ಕೊಟ್ಟ ಮಿತಿಯ ಜೊತೆ ಅದನ್ನು ಹೋಲಿಸಿ. ಸುತ್ತಲಿನ ನೆಲ ಕಾಟಾಗೆ ಸಮವಾಗಿದ್ದರೆ ಎಡ ಗಾಲಿಗಳನ್ನಷ್ಟೇ ಹತ್ತಿಸಿಯೂ ನೋಡಬಹುದು. ಅಡುಗೆಮನೆ, ನೀರಿನ ಟ್ಯಾಂಕ್, ಬ್ಯಾಟರಿ ಮೂರೂ ಒಂದೇ ಮಗ್ಗುಲಿಗೆ ಬಂದಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಟ್ಯಾಂಕ್ ಎಲ್ಲಿದೆ ಎಂಬುದೂ ಮುಖ್ಯ. ಗಾಲಿ ಅಂತರ 3.5 ಮೀಟರ್ ಇರುವ ಗಾಡಿಯಲ್ಲಿ ಹಿಂದಿನ ಆಕ್ಸಲ್‌ನಿಂದ ಒಂದು ಮೀಟರ್ ಹಿಂದಕ್ಕೆ 120 ಲೀಟರಿನ ಟ್ಯಾಂಕ್ ಕೂರಿಸಿದರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 120 ಅಲ್ಲ, ಸುಮಾರು 154 ಕೆ.ಜಿ. ಮುಂದಿನ ಆಕ್ಸಲ್‌ನಿಂದ 34 ಕೆ.ಜಿ. ಎತ್ತಿದಂತಾಗುತ್ತದೆ. ಸ್ಟೇರಿಂಗ್ ಹಗುರವಾಗುತ್ತದೆ, ಮಳೆಯಲ್ಲಿ ಮುಂದಿನ ಗಾಲಿ ಹಿಡಿತ ಬಿಡುತ್ತದೆ. ಟ್ಯಾಂಕ್ ಎರಡು ಆಕ್ಸಲ್‌ಗಳ ನಡುವೆ ಇರಲಿ. ಹಿಂದಿನ ಗಾಲಿಯ ಆಚೆ ಚಾಚಿಕೊಂಡ ಭಾಗ ಗಾಲಿ ಅಂತರದ ಶೇ 60 ದಾಟಬಾರದು ಎಂಬ ನಿಯಮವಿದೆ. ಕೋಣೆ ದೊಡ್ಡದು ಮಾಡುವ ಆಸೆಗೆ ಇದನ್ನು ಮೀರಿದವರೂ ಇದ್ದಾರೆ. ಹೋಗುವಾಗ ಕೈಯಲ್ಲೊಂದು ಟೇಪು ಇರಲಿ.

ಮಧ್ಯಾಹ್ನ ಎರಡು ಗಂಟೆಗೆ ಹೋಗಿ

ಕ್ಯಾಂಪರ್ ನೋಡಲು ಸಂಜೆ ಹೋಗುವವರೇ ಹೆಚ್ಚು, ತಂಪಿರುತ್ತದೆ ಎಂದು. ನೀವು ಬಿಸಿಲು ಏರಿದಾಗ ಹೋಗಿ. ಗಾಡಿಯನ್ನು ನೆರಳಿನಿಂದ ಹೊರಗೆ ತರಿಸಿ, ಬಾಗಿಲು ಕಿಟಕಿ ಮುಚ್ಚಿ, ಎಸಿ ಆರಿಸಿ, ಎರಡು ತಾಸು ಬಿಸಿಲಲ್ಲಿ ನಿಲ್ಲಿಸಿ ಎಂದು ಮೊದಲೇ ಹೇಳಿಬಿಡಿ. ಅಷ್ಟಕ್ಕೇ ನೆಪ ಹೇಳತೊಡಗಿದರೆ ನಿಮ್ಮ ಅರ್ಧ ಪರೀಕ್ಷೆ ಮುಗಿದಂತೆ.

ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಹೊಳೆಯುವ ಮೈ ಇದ್ದರೆ ಅದರ ಅಳತೆ ತಪ್ಪುತ್ತದೆ, ಆದ್ದರಿಂದ ಅಳೆಯುವ ಜಾಗಕ್ಕೆ ಕಪ್ಪು ಇನ್ಸುಲೇಶನ್ ಟೇಪಿನ ತುಂಡು ಅಂಟಿಸಿ. ಹೊರಗಿನ ಛಾವಣಿ ತಗಡು 60 ಡಿಗ್ರಿ ದಾಟಿರುತ್ತದೆ, ಅದು ಸಹಜ. ಒಳಗಿನ ಛಾವಣಿ ಒಳಗಿನ ಗಾಳಿಗಿಂತ 5-6 ಡಿಗ್ರಿ ಹೆಚ್ಚಿದ್ದರೆ ಒಪ್ಪಬಹುದು. 15 ಡಿಗ್ರಿ ಹೆಚ್ಚಿದ್ದರೆ ಸನ್‌ಮೈಕಾದ ಹಿಂದೆ ಖಾಲಿ ಎಂದೇ ಅರ್ಥ, ಎಸಿ ಎಷ್ಟು ಟನ್ ಇದ್ದರೂ ನಡೆಯುವುದಿಲ್ಲ. ಗನ್ನನ್ನು ನಿಧಾನಕ್ಕೆ ಅಡ್ಡಕ್ಕೆ ಸರಿಸುತ್ತ ಹೋಗಿ. ಒಂದಡಿಗೋ ಎರಡಡಿಗೋ ಒಮ್ಮೆ ಬಿಸಿ ಏರುವ ಗೆರೆ ಸಿಕ್ಕರೆ ಅಲ್ಲಿ ಕಬ್ಬಿಣದ ಪಟ್ಟಿ ಬೆತ್ತಲಾಗಿದೆ. ಎರಡು ಪಟ್ಟಿಗಳ ನಡುವೆ ಮಾತ್ರ ಫೋಮ್ ತುಂಬಿ, ಪಟ್ಟಿಯ ಮೇಲೆ ಏನೂ ಹಾಕದೆ ಪ್ಲೈವುಡ್ ಬಡಿದುಬಿಡುತ್ತಾರೆ. ಬಿಸಿ ಅದೇ ಪಟ್ಟಿಗಳ ಮೂಲಕ ಒಳಗಿಳಿಯುತ್ತದೆ.

ಒಂದು ಪ್ಯಾನೆಲ್ ಬಿಚ್ಚಿ ತೋರಿಸಿ ಎನ್ನಿ. ಛಾವಣಿಯ ದೀಪದ ರಂಧ್ರ, ಸ್ವಿಚ್ ಬಾಕ್ಸ್, ಹಿಂದಿನ ಬಾಗಿಲಿನ ಒಳಹೊದಿಕೆ, ಇವಿಷ್ಟು ಸಾಕು. ಒಳಗೆ ಕಾಣಬೇಕಾದದ್ದು ತಗಡಿಗೆ ಪೂರ್ತಿ ಅಂಟಿದ, 25 ಮಿ.ಮೀ. ಅಥವಾ ಹೆಚ್ಚು ದಪ್ಪದ ಮುಚ್ಚಿದ ರಂಧ್ರಗಳ ಫೋಮ್, ಅಂದರೆ ಎಕ್ಸ್‌ಎಲ್‌ಪಿಇ, ನೈಟ್ರೈಲ್ ರಬ್ಬರ್ ಅಥವಾ ಪಿಯು. ಗ್ಲಾಸ್ ವೂಲ್ ಇದ್ದರೆ ಬೇಡ. ಕುಲುಕಾಟಕ್ಕೆ ಅದು ಕೆಳಗೆ ಜಾರಿ ಮೇಲೆ ಟೊಳ್ಳಾಗುತ್ತದೆ, ನೀರು ತಗಲಿದರೆ ಒದ್ದೆ ಹಿಡಿದುಕೊಂಡು ತಗಡನ್ನು ತಿನ್ನುತ್ತದೆ. 4 ಮಿ.ಮೀ.ನ ಬೆಳ್ಳಿ ಹಾಳೆ ತೋರಿಸಿ “ಇದೇ ಸಾರ್, ಇಂಪೋರ್ಟೆಡ್” ಎನ್ನುವವರಿದ್ದಾರೆ. ಬೆಳ್ಳಿ ಹಾಳೆ ಕೆಲಸ ಮಾಡಬೇಕಾದರೆ ಅದರ ಮುಂದೆ ಸುಮಾರು 20 ಮಿ.ಮೀ. ಗಾಳಿಯ ಸಂದು ಬೇಕು. ತಗಡಿಗೂ ಪ್ಲೈಗೂ ನಡುವೆ ಒತ್ತಿಟ್ಟರೆ ಅದು ಬರೀ ಹಾಳೆ.

ಛಾವಣಿಗೆ ಬಟ್ಟೆ ಅಥವಾ ರೆಕ್ಸಿನ್ ಅಂಟಿಸಿದ್ದರೆ ಅದೇ ಹೊತ್ತಿನಲ್ಲಿ ಅಂಗೈ ಒತ್ತಿ ನೋಡಿ. ಫರ್ನಿಚರ್‌ಗೆ ಬಳಸುವ ಮಾಮೂಲಿ ರಬ್ಬರ್ ಅಂಟು ಈ ಬಿಸಿಗೆ ಮೆತ್ತಗಾಗಿ ಗುಳ್ಳೆ ಎದ್ದಿರುತ್ತದೆ. ಒಂದೇ ಬೇಸಿಗೆಗೆ ಅದು ತಲೆಯ ಮೇಲೆ ಜೋಲುತ್ತದೆ. ಹೊರಬಣ್ಣ ಬಿಳಿಯದೇ ಇರಲಿ. ಕಪ್ಪು ಮ್ಯಾಟ್ ಬಣ್ಣದ ಕ್ಯಾಂಪರ್ ಫೋಟೋಕ್ಕೆ ಚೆಂದ, ಯಾದಗಿರಿಯ ಏಪ್ರಿಲ್ ತಿಂಗಳಿಗಲ್ಲ.

ಮರಗೆಲಸ

ಸಿಂಕ್ ಕೆಳಗಿನ ಬಾಗಿಲು ತೆಗೆದು ಟಾರ್ಚ್ ಬಿಡಿ. ನಲ್ಲಿಗಾಗಿ ಕೊರೆದ ರಂಧ್ರದ ಅಂಚಿನಲ್ಲಿ ಮರ ಬರಿಮೈಯಲ್ಲಿ ಕಾಣುತ್ತದೆ, ಅಲ್ಲಿ ಯಾವ ಹೊಳಪೂ ಅದನ್ನು ಮುಚ್ಚಿರುವುದಿಲ್ಲ. ಪದರ ಪದರ ಕಂಡರೆ ಪ್ಲೈ. ಪುಡಿಪುಡಿ ಕಂಡರೆ ಪಾರ್ಟಿಕಲ್ ಬೋರ್ಡ್, ನುಣ್ಣಗೆ ಕಂದು ಹಿಟ್ಟಿನಂತಿದ್ದರೆ ಎಂಡಿಎಫ್. ಕೊನೆಯ ಎರಡೂ ನೀರು ತಗಲಿದರೆ ಉಬ್ಬುತ್ತವೆ, ಕುಲುಕಿದರೆ ಸ್ಕ್ರೂ ಬಿಡುತ್ತವೆ. ಪ್ಲೈ ಮೇಲೆ ಐಎಸ್ 710 ಎಂದಿದ್ದರೆ ಅದು ಮರೀನ್ ಪ್ಲೈ, ಸಿಂಕ್ ಮತ್ತು ಶೌಚಾಲಯದ ಸುತ್ತ ಅದೇ ಬೇಕು. ಉಳಿದ ಕಡೆ ಐಎಸ್ 303ರ ಬಿಡಬ್ಲ್ಯೂಆರ್ (ನೀರು ತಾಳುವ) ಪ್ಲೈ ನಡೆಯುತ್ತದೆ. ಮನೆಯ ವಾರ್ಡ್‌ರೋಬ್ ಮಾಡುವ ಬಡಗಿಗಳು ಅಭ್ಯಾಸಬಲದಿಂದ 18 ಮಿ.ಮೀ. ಹಾಕುತ್ತಾರೆ. 8x4ರ ಒಂದು ಹಾಳೆ ಹೆಚ್ಚುಕಡಿಮೆ 33 ಕೆ.ಜಿ. ತೂಗುತ್ತದೆ, 12 ಮಿ.ಮೀ.ನದು 22. ಹತ್ತು ಹಾಳೆ ಬಳಸಿದರೆ 110 ಕೆ.ಜಿ. ವ್ಯತ್ಯಾಸ, ಅಂದರೆ ಒಂದೂವರೆ ಆಳು.

ಮೇಲಿನ ಕಪಾಟನ್ನು ಎರಡೂ ಕೈಯಿಂದ ಹಿಡಿದು ಜೋರಾಗಿ ಕೆಳಕ್ಕೆ ಎಳೆಯಿರಿ. ನಾಚಿಕೆ ಬೇಡ, ನಿಮ್ಮ ಮಗು ಮಲಗುವುದು ಅದರ ಕೆಳಗೆ. ಅದು ಗಾಡಿಯ ಪಟ್ಟಿಗೆ ರಿವ್‌ನಟ್ (ತಗಡಿಗೇ ಕಚ್ಚಿ ಕೂರುವ ನಟ್) ಮತ್ತು ಬೋಲ್ಟಿನಿಂದ ಕೂರಬೇಕು, ಒಳಗಿನ ತೆಳ್ಳನೆ ಪ್ಲೈಗೆ ಬರೀ ಸ್ಕ್ರೂ ಹೊಡೆದಿದ್ದರೆ ಮೂರೇ ತಿಂಗಳಿಗೆ ಸಡಿಲ. ಡ್ರಾಯರಿಗೆ ಒತ್ತಿ ಹಾಕುವ ಲಾಕ್ ಇರಲಿ. ಮ್ಯಾಗ್ನೆಟ್ ಕ್ಯಾಚ್ ಮೊದಲ ಹಂಪಿನಲ್ಲೇ ತೆರೆದು ತಟ್ಟೆ ಲೋಟ ನೆಲಕ್ಕೆ ಬರುತ್ತವೆ.

ನೀರು ಮತ್ತು ಧೂಳು ಒಳಗೆ ಬರುತ್ತದೆಯೇ

ಸರ್ವಿಸ್ ಸ್ಟೇಷನ್ನಿಗೆ ಒಯ್ದು ಪೈಪಿನಲ್ಲಿ ಮಳೆಯಂತೆ ಮೇಲಿನಿಂದ ಅರ್ಧ ತಾಸು ನೀರು ಬಿಡಿಸಿ. ಪ್ರೆಷರ್ ಗನ್ ನೇರ ಸಂದಿಗೆ ಹಿಡಿಯಬೇಡಿ, ಅದಕ್ಕೆ ಒಳ್ಳೆಯ ಸೀಲೂ ಸೋಲುತ್ತದೆ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂರಲಿ. ಛಾವಣಿಯ ಫ್ಯಾನ್ ಸುತ್ತ, ಕಿಟಕಿಯ ಕೆಳ ಮೂಲೆ, ಸೋಲಾರ್ ತಂತಿ ಒಳಗಿಳಿಯುವ ಜಾಗ, ನೆರಳಿನ ಬಟ್ಟೆಯ ಬೋಲ್ಟು, ಸೋರುವುದು ಹೆಚ್ಚಾಗಿ ಈ ನಾಲ್ಕರಲ್ಲೇ. ಮುಗಿದ ಮೇಲೆ ಟಿಶ್ಯೂ ಕಾಗದ ಒತ್ತಿ ನೋಡಿ, ಕಣ್ಣಿಗೆ ಕಾಣದ ಒದ್ದೆ ಅದಕ್ಕೆ ಕಾಣುತ್ತದೆ. ಛಾವಣಿ ಹತ್ತಿ ಸೀಲಂಟ್ ಕೂಡ ನೋಡಿ. ಕೆಳಗೆ ಬ್ಯುಟೈಲ್ ಟೇಪ್, ಮೇಲೆ ಪಾಲಿಯುರೆಥೇನ್ ಇದ್ದರೆ ಸರಿ. ಬಾತ್‌ರೂಮಿಗೆ ಹಾಕುವ ಸಿಲಿಕಾನ್ ಇದ್ದರೆ ಅದು ಬಿಸಿಲಿಗೆ ಅಂಚು ಬಿಡುತ್ತದೆ, ಆಮೇಲೆ ಅದರ ಮೇಲೆ ಬೇರೇನೂ ಅಂಟುವುದಿಲ್ಲ. ಫೈಬರ್ ಬಾಡಿಯಾಗಿದ್ದರೆ ಬೆರಳ ಗೆಣ್ಣಿನಿಂದ ಅಂಗೈಯಷ್ಟು ಅಂತರಕ್ಕೊಮ್ಮೆ ತಟ್ಟುತ್ತ ಹೋಗಿ. ದನಿ ಒಮ್ಮೆಲೇ ಮಂದವಾದ ಕಡೆ ಪದರ ಬಿಟ್ಟಿದೆ.

ಧೂಳಿನ ಪರೀಕ್ಷೆ ಇನ್ನೂ ಸುಲಭ. ಕತ್ತಲಾದ ಮೇಲೆ ಒಳಗೆ ಎಲ್ಲ ದೀಪ ಹಾಕಿ ಹೊರಗೆ ಸುತ್ತು ಬನ್ನಿ, ಗಾಡಿಯ ಕೆಳಗೂ ಬಗ್ಗಿ ನೋಡಿ. ಬೆಳಕು ಹೊರಬರುವ ಸಂದಿಯಿಂದಲೇ ಧೂಳು ಒಳಬರುತ್ತದೆ. ಓಡುವ ಗಾಡಿಯ ಬೆನ್ನಿಗೆ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಎದ್ದ ಧೂಳು ಹಿಂಬಾಗಿಲಿಗೇ ಸುತ್ತಿಕೊಳ್ಳುತ್ತದೆ. ಮುಂದಿನ ಕಿಟಕಿ ತೆರೆದಿದ್ದರಂತೂ ಒಳಗಿನ ಗಾಳಿ ಹೊರಗೆ ಸೆಳೆದು, ಆ ಧೂಳನ್ನು ಹಿಂದಿನ ಸಂದಿಯಿಂದ ಒಳಗೆ ಎಳೆಯುತ್ತದೆ. ಆದ್ದರಿಂದ ಹಿಂಬಾಗಿಲಿನ ರಬ್ಬರಿಗೆ ಸುತ್ತಲೂ ಸಮ ಒತ್ತು ಇರಬೇಕು. ಒಂದು ಕಾಗದ ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದ ಜಾಗ ಗುರುತು ಮಾಡಿಕೊಳ್ಳಿ.

ಕರೆಂಟು

ಬೆಂಕಿ ಹುಟ್ಟುವುದು ಇಲ್ಲಿ, ಆದ್ದರಿಂದ ಇಲ್ಲಿ ಆತುರ ಬೇಡ. ಬ್ಯಾಟರಿ ಪೆಟ್ಟಿಗೆ ತೆಗೆಸಿ. ಪ್ಲಸ್ ತಂತಿಯಲ್ಲಿ ಬ್ಯಾಟರಿಯಿಂದ ಒಂದು ಗೇಣಿನೊಳಗೆ ದೊಡ್ಡ ಫ್ಯೂಸ್ ಇರಬೇಕು. ದೂರದಲ್ಲಿ ಫ್ಯೂಸ್ ಹಾಕಿದರೆ ನಡುವಿನ ತಂತಿ ಉಜ್ಜಿ ಗಾಡಿಯ ತಗಡಿಗೆ ತಗಲಿದಾಗ ಕಾಪಾಡುವವರಿಲ್ಲ. ತಗಡು ಕೊರೆದು ತಂತಿ ದಾಟಿಸಿದ ಕಡೆಯೆಲ್ಲ ರಬ್ಬರ್ ಗ್ರೋಮೆಟ್ (ತಂತಿ ಉಜ್ಜದಂತೆ ಕಾಯುವ ಉಂಗುರ) ಇದೆಯೇ, ಜೋಡಣೆಗಳನ್ನು ತಂತಿಯ ತುದಿಗೆ ಲಗ್ ಹಾಕಿ ಒತ್ತಿ ಕ್ರಿಂಪ್ ಮಾಡಿದ್ದಾರೆಯೇ ಅಥವಾ ತಿರುಚಿ ಟೇಪು ಸುತ್ತಿದ್ದಾರೆಯೇ? ಟೇಪು ಸುತ್ತಿದ್ದು ಒಂದೇ ಒಂದು ಕಂಡರೂ ಉಳಿದದ್ದೂ ಹಾಗೇ ಇರುತ್ತದೆ.

ತಂತಿಯ ದಪ್ಪಕ್ಕೆ ಒಂದು ಲೆಕ್ಕ. 12 ವೋಲ್ಟ್ ಫ್ರಿಜ್ 5 ಆಂಪಿಯರ್ ಎಳೆಯುತ್ತದೆ, ಬ್ಯಾಟರಿಯಿಂದ 5 ಮೀಟರ್ ದೂರ, ಹೋಗಿ ಬರುವ ತಂತಿ 10 ಮೀಟರ್. 2.5 ಚದರ ಮಿ.ಮೀ. ತಾಮ್ರ ಹಾಕಿದರೆ ದಾರಿಯಲ್ಲಿ 0.35 ವೋಲ್ಟ್ ಇಳಿಯುತ್ತದೆ, ನಡೆಯುತ್ತದೆ. 1 ಚದರ ಮಿ.ಮೀ. ಹಾಕಿದರೆ 0.87 ವೋಲ್ಟ್ ಇಳಿದು, ಬ್ಯಾಟರಿ ಇನ್ನೂ ಅರ್ಧ ಇರುವಾಗಲೇ ಫ್ರಿಜ್ ತಾನಾಗಿ ಆರುತ್ತದೆ. ಆಗ “ಫ್ರಿಜ್ ಕಂಪನಿಯದೇ ತಪ್ಪು” ಎಂಬ ಉತ್ತರ ಬರುತ್ತದೆ. 1 ಕಿಲೋವ್ಯಾಟ್ ಇನ್ವರ್ಟರ್ ಪೂರ್ತಿ ಹೊರೆಯಲ್ಲಿ 90 ಆಂಪಿಯರ್ ಮೇಲೆ ಎಳೆಯುತ್ತದೆ, ಅದಕ್ಕೆ 25ರಿಂದ 35 ಚದರ ಮಿ.ಮೀ. ಕೇಬಲ್, ಆದಷ್ಟು ಗಿಡ್ಡ. ತಂತಿ ಮಲ್ಟಿಸ್ಟ್ರಾಂಡ್ ಇರಲಿ, ಒಂದೇ ಎಳೆಯ ಮನೆ ವೈರು ಕುಲುಕಾಟಕ್ಕೆ ಒಳಗೇ ತುಂಡಾಗುತ್ತದೆ. ಹೊರಗಿನ 230 ವೋಲ್ಟ್ ತೆಗೆದುಕೊಳ್ಳುವ ಸಾಲಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಸಾಲು ಕಡಿಯುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿಕೊಳ್ಳಿ, ಗಾಡಿಯ ಮೈ ತಗಡಿಗೆ ಅರ್ಥ್ ಜೋಡಿಸಿರಲಿ. ಮೈ ಪೂರ್ತಿ ಕಬ್ಬಿಣ, ಒದ್ದೆ ನೆಲದ ಮೇಲೆ ನಿಂತು ಬಾಗಿಲು ಹಿಡಿಯುವವರು ನೀವು.

“ರಾತ್ರಿಯೆಲ್ಲ ಎಸಿ ಸೋಲಾರ್ ಮೇಲೇ ನಡೆಯುತ್ತೆ” ಎಂದರೆ ಕೈಯಲ್ಲಿ ಪೆನ್ನು ಹಿಡಿಯಿರಿ. ಸಣ್ಣ ಇನ್ವರ್ಟರ್ ಎಸಿ ಸರಾಸರಿ 500 ವ್ಯಾಟ್ ಎಂದರೂ 8 ತಾಸಿಗೆ 4 ಯೂನಿಟ್. 12.8 ವೋಲ್ಟ್ 200 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಿಡಿಯುವುದು 2.56 ಯೂನಿಟ್. ಅಂಥವು ಎರಡು ಬೇಕು. 330 ವ್ಯಾಟ್ ಪ್ಯಾನೆಲ್ ಒಂದು ಒಳ್ಳೆಯ ದಿನಕ್ಕೆ 1.3 ಯೂನಿಟ್ ಕೊಟ್ಟರೆ ಹೆಚ್ಚು. ಎರಡು ಪ್ಯಾನೆಲ್ಲಿನಿಂದ ಆ ಎಸಿಯ ಹೊಟ್ಟೆ ತುಂಬುವುದಿಲ್ಲ. ಪ್ಯಾನೆಲ್ ಕಾದಷ್ಟೂ ಕಡಿಮೆ ಕೊಡುತ್ತದೆ, 65 ಡಿಗ್ರಿಯಲ್ಲಿ ಶೇ 15ರಷ್ಟು ಖೋತಾ. ಅದರ ಕೆಳಗೆ ಗಾಳಿಯಾಡುವಷ್ಟು ಸಂದು ಬಿಟ್ಟು ಬೋಲ್ಟ್ ಹಾಕಿರಬೇಕು, ಛಾವಣಿಗೆ ಚಪ್ಪಟೆ ಅಂಟಿಸಿದ್ದರೆ ಬೇಡ.

ಲಿಥಿಯಂಗೂ ನಮ್ಮ ಬಿಸಿಲಿಗೂ ಆಗಿಬರುವುದಿಲ್ಲ. ಬಹಳಷ್ಟು ಬ್ಯಾಟರಿಗಳ ಚಾರ್ಜಿಂಗ್ ಮಿತಿ 45 ಡಿಗ್ರಿ ಸೆಲ್ಸಿಯಸ್. ಗಾಳಿಯಿಲ್ಲದ ಸೀಟಿನ ಪೆಟ್ಟಿಗೆಯಲ್ಲಿ ಅದು ಮಧ್ಯಾಹ್ನಕ್ಕೇ ಅಷ್ಟು ಏರಿ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಚಾರ್ಜ್ ನಿಲ್ಲಿಸಿಬಿಡುತ್ತದೆ, ಅದೂ ಸೋಲಾರ್ ಜೋರಾಗಿರುವ ಹೊತ್ತಿನಲ್ಲೇ. ಪೆಟ್ಟಿಗೆಗೆ ಜಾಲರಿ ಮತ್ತು ಸಣ್ಣ ಫ್ಯಾನ್ ಕೇಳಿ.

ಒಲೆ, ಗ್ಯಾಸು, ಜೋಳದ ರೊಟ್ಟಿ

ಇಂಡಕ್ಷನ್ ಇಟ್ಟರೆ ಗ್ಯಾಸಿನ ತಲೆನೋವಿಲ್ಲ, ನಿಜ. ಆದರೆ ರೊಟ್ಟಿಯನ್ನು ಕೊನೆಗೆ ಬೆಂಕಿಗೆ ಹಿಡಿದು ಉಬ್ಬಿಸುವ ಮನೆಗೆ ಅದರಿಂದ ನಡೆಯುವುದಿಲ್ಲ. ಆಗ ಒಲೆಯ ಮೇಲೆ ಕಪಾಟಿನ ತಳಕ್ಕೆ ಕನಿಷ್ಠ 60 ಸೆಂ.ಮೀ. ಬಿಡಿಸಿ, ಹಿಂದಿನ ಗೋಡೆಗೆ ಸ್ಟೀಲ್ ತಗಡು ಹಾಕಿಸಿ. ದೊಡ್ಡ ಕಬ್ಬಿಣದ ತವಾ ಇಟ್ಟರೆ ಪಕ್ಕದ ಗೋಡೆಗೆ ಎಷ್ಟು ಹತ್ತಿರ ಬರುತ್ತದೆ ಎಂದು ಮನೆಯ ತವಾ ಒಯ್ದೇ ನೋಡಿ. ರೊಟ್ಟಿ ಬಡಿಯುವಷ್ಟು ಕಟ್ಟೆ ಗಟ್ಟಿ ಇದೆಯೇ ಎಂದು ಅಂಗೈಯಿಂದ ಹತ್ತು ಪೆಟ್ಟು ಹಾಕಿ. ಇಡೀ ಕಪಾಟು ಗಡಗಡ ಎಂದರೆ ಕಟ್ಟೆಯ ಕೆಳಗೆ ಚೌಕಟ್ಟಿಲ್ಲ.

ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ. ಆದ್ದರಿಂದ ಸಿಲಿಂಡರ್ ಗೂಡಿನ ತಳದಲ್ಲಿ ಹೊರಗೆ ತೆರೆಯುವ ರಂಧ್ರ ಬೇಕೇಬೇಕು, ಗೂಡಿಗೂ ಮಲಗುವ ಕೋಣೆಗೂ ಸಂದು ಇರಬಾರದು. ಗ್ಯಾಸ್ ಡಿಟೆಕ್ಟರ್ ನೆಲದಿಂದ ಒಂದಡಿಯೊಳಗೆ ಇರಲಿ. ಛಾವಣಿಗೆ ಹಚ್ಚಿದವರಿಗೆ ಎಲ್‌ಪಿಜಿ ಗೊತ್ತಿಲ್ಲ ಎಂದರ್ಥ. ಸಿಲಿಂಡರ್ ನೆಟ್ಟಗೆ ನಿಂತು ಎರಡು ಪಟ್ಟಿಯಿಂದ ಬಿಗಿದಿರಲಿ. ಸುರಕ್ಷಾ ಪೈಪಿನ ಮೇಲೆ ಐಎಸ್ 9573 ಇದೆಯೇ ನೋಡಿ, ಅದರ ಮೇಲೆ ಮುದ್ರಿಸಿದ ಅವಧಿಯೊಳಗೇ ಬದಲಿಸಿ. ಸಿಲಿಂಡರಿನ ಕೊರಳ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಅಕ್ಷರದ ಜೊತೆ ಇಸವಿ ಇರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಹೀಗೆ ಮೂರು ಮೂರು ತಿಂಗಳು, ಮುಂದಿನ ತಪಾಸಣೆ ಅಷ್ಟರೊಳಗೆ ಆಗಬೇಕು. ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡುವುದು ಐದು ನಿಮಿಷದ ಕೆಲಸ.

ನೀರಿನ ವ್ಯವಸ್ಥೆ

ಟ್ಯಾಂಕ್ ತುಂಬಿಸಿ, ಎಲ್ಲ ನಲ್ಲಿ ಮುಚ್ಚಿ, ಪಂಪ್ ಆನ್ ಮಾಡಿ ಅರ್ಧ ತಾಸು ಸುಮ್ಮನೆ ಕೂರಿ. ಯಾರೂ ನೀರು ಬಿಡದೆ ಪಂಪ್ ಒಮ್ಮೆ “ಟರ್ರ್” ಎಂದರೆ ಎಲ್ಲೋ ಸೋರುತ್ತಿದೆ. ಬಳಸಿದ ನೀರಿನ ಟ್ಯಾಂಕ್ ಶುದ್ಧ ನೀರಿನದಕ್ಕಿಂತ ಚಿಕ್ಕದಿದ್ದರೆ ನಡುವೆಯೇ ಉಕ್ಕುತ್ತದೆ. ಆ ಟ್ಯಾಂಕಿಗೆ ಗಾಳಿ ಕೊಳವೆ, ಸಿಂಕಿಗೆ ಟ್ರ್ಯಾಪ್ (ನೀರು ನಿಂತು ವಾಸನೆ ತಡೆಯುವ ಬಾಗಿದ ಕೊಳವೆ) ಇಲ್ಲದಿದ್ದರೆ ಮೂರನೇ ದಿನಕ್ಕೆ ವಾಸನೆ. ಸೇಡಂ, ಚಿತ್ತಾಪುರದಂಥ ಸುಣ್ಣಕಲ್ಲಿನ ಸೀಮೆಯ ಬೋರ್ ನೀರು ಗಡಸು, ಗೀಸರ್ ಕಾಯಿಲ್‌ಗೂ ಪಂಪಿಗೂ ಬಿಳಿ ಪೊರೆ ಕಟ್ಟುತ್ತದೆ. ಪಂಪಿನ ಮುಂದಿನ ಜಾಲರಿ ಫಿಲ್ಟರ್ ಕೈಗೆ ಸಿಗುವ ಜಾಗದಲ್ಲಿರಲಿ, ಹಾಸಿಗೆ ಎತ್ತಿ ನಾಲ್ಕು ಸ್ಕ್ರೂ ಬಿಚ್ಚುವ ಹಾಗಿದ್ದರೆ ಅದನ್ನು ಯಾರೂ ತೊಳೆಯುವುದಿಲ್ಲ. ಟ್ಯಾಂಕ್ ಗಾಡಿಯ ತಳದಲ್ಲಿದ್ದರೆ ನೆಲದಿಂದ ಎಷ್ಟು ಎತ್ತರ ಎಂದು ಅಳೆಯಿರಿ, ಸ್ಟೆಪ್ನಿ ಇಳಿಸಲು ಅದು ಅಡ್ಡ ಬರುವುದಿಲ್ಲವೇ ಎಂದು ಒಮ್ಮೆ ಇಳಿಸಿಯೇ ನೋಡಿ.

ಸೀಟು ಮತ್ತು ಹೊರದಾರಿ

ಇಲ್ಲಿ ರಾಜಿ ಬೇಡ. ಪ್ಲೈವುಡ್ ಪೆಟ್ಟಿಗೆಯ ಮೇಲೆ ದಿಂಬು ಹಾಕಿ ಬೆಲ್ಟ್ ಬಡಿದದ್ದು ಸೀಟಲ್ಲ. ಗಾಡಿಯ ಕೆಳಗೆ ಮಲಗಿ ನೋಡಿ, ಸೀಟಿನ ಬೋಲ್ಟು ಕೆಳಗೆ ಕಬ್ಬಿಣದ ಪ್ಲೇಟಿನೊಂದಿಗೆ ಚಾಸಿಗೆ ಇಳಿದಿರಬೇಕು. ಬರೀ ವಾಷರ್ ಕಂಡರೆ ಢಿಕ್ಕಿಯಾದಾಗ ಸೀಟು ಕೂತವರ ಜೊತೆಗೇ ಹಾರುತ್ತದೆ. ಮಲಗುವ ಜಾಗ ಎಷ್ಟೇ ಇರಲಿ, ಓಡುವಾಗ ಕೂರುವವರು ಇಂಥ ಸೀಟುಗಳ ಸಂಖ್ಯೆಯಷ್ಟೇ. ಬಾಗಿಲಿನ ಎದುರಿಗೆ ಅಡುಗೆಮನೆ ಇದ್ದು ಅಲ್ಲೇ ಬೆಂಕಿ ಹೊತ್ತಿದರೆ ಹಾಸಿಗೆಯ ಕಡೆಯಿಂದ ಹೊರಬೀಳಲು ಇನ್ನೊಂದು ದಾರಿ ಬೇಕು. ಹಾಸಿಗೆ ಪಕ್ಕದ ಕಿಟಕಿಯಿಂದ ಮನೆಯ ಹಿರಿಯರು ಇಳಿಯಬಲ್ಲರೇ? ಬೆಂಕಿ ಆರಿಸುವ 2 ಕೆ.ಜಿ. ಎಬಿಸಿ ಪೌಡರ್ ಸಿಲಿಂಡರ್ ಬಾಗಿಲಿನ ಪಕ್ಕ ಇರಲಿ, ಒಲೆಯ ಹಿಂದಲ್ಲ.

ಓಡಿಸಿ ನೋಡುವುದು

ನೀರು ತುಂಬಿಸಿ, ನಾಲ್ಕು ಜನ ಕೂತು 40 ಕಿ.ಮೀ. ಓಡಿಸಿ, ಅದರಲ್ಲಿ ಅರ್ಧ ಕೆಟ್ಟ ರಸ್ತೆ. ಹುಮನಾಬಾದ್ ಕಡೆಯ ಹೆದ್ದಾರಿಯಲ್ಲಿ ಗಾಡಿ ಎಲ್ಲ ಚೆನ್ನಾಗಿಯೇ ಓಡುತ್ತದೆ. ಹೆದ್ದಾರಿ ಬಿಟ್ಟು ಒಳಗಿನ ಊರಿನ ಗರಸು ದಾರಿ ಹಿಡಿಯಿರಿ. ಒಬ್ಬರು ಹಿಂದೆ ಕೂತು ಸದ್ದು ಎಲ್ಲಿಂದ ಬರುತ್ತದೆ ಎಂದು ಬರೆದುಕೊಳ್ಳಲಿ. ಪಾತ್ರೆಯ ಸದ್ದು ಬಿಡಿ, ಮರ ಮರಕ್ಕೆ ಉಜ್ಜುವ ಕಿರಿಕಿರಿ ಮತ್ತು ಛಾವಣಿಯ ಲೊಟಲೊಟ ಎರಡನ್ನೂ ಬರೆಯಿರಿ. ಬಂದಿಳಿದ ಮೇಲೆ ಹಿಂಬಾಗಿಲ ಒಳಗಂಚಿಗೆ ಬಿಳಿ ಬಟ್ಟೆ ಒರೆಸಿ, ಧೂಳು ಬಂದಿದ್ದರೆ ಅದರಲ್ಲೇ ಗೊತ್ತಾಗುತ್ತದೆ. ಎಸಿ ಸೇರಿ ಒಟ್ಟು ಎತ್ತರ ಅಳೆದು ಡ್ಯಾಶ್‌ಬೋರ್ಡ್ ಮೇಲೆ ಬರೆದು ಅಂಟಿಸಿ. ರೈಲ್ವೆ ಅಂಡರ್‌ಪಾಸ್ ಎದುರಿಗೆ ಬಂದಾಗ ನೆನಪಿಗೆ ಬರುವುದಿಲ್ಲ. ಟೈರಿನ ಬದಿಯ ನಾಲ್ಕಂಕಿ ಓದಿ, 0825 ಎಂದರೆ 2025ರ ಎಂಟನೇ ವಾರ. ಹೊಸ ಗಾಡಿಗೆ ಎರಡು ವರ್ಷ ಹಳೆಯ ಟೈರು ಒಪ್ಪಬೇಡಿ.

ದುಡ್ಡು ಕೊಡುವ ಕ್ರಮ

ಕಟ್ಟುವವರು ಬಹುತೇಕ ದೂರದವರು. ಬೀದರ್‌ನವರಿಗೆ ಹೈದರಾಬಾದ್ ಸುಮಾರು 140 ಕಿ.ಮೀ., ಕಲಬುರಗಿಯವರಿಗೆ 220. ಪುಣೆ, ಬೆಂಗಳೂರು ಇನ್ನೂ ದೂರ. ಒಂದು ನಲ್ಲಿ ಸೋರಿದರೆ ಅಷ್ಟು ದೂರ ಹೋಗಬೇಕೇ, ಅವರೇ ಆಳು ಕಳಿಸುತ್ತಾರೆಯೇ, ಕಳಿಸಿದರೆ ಖರ್ಚು ಯಾರದು ಎಂದು ಕರಾರಿನಲ್ಲೇ ಬರೆಸಿ. ಮೂಲ ವಾಹನ ನಿಮ್ಮ ಹೆಸರಿನಲ್ಲೇ ಬಿಲ್ ಆಗಲಿ. ಉಳಿದದ್ದು ಕೆಲಸದ ಹಂತ ನೋಡಿ ಕೊಡಿ. ಇನ್ಸುಲೇಶನ್ ಮುಗಿದು ಪ್ಲೈ ಮುಚ್ಚುವ ಮುನ್ನ ಒಮ್ಮೆ ನೀವೇ ಹೋಗಿ ಫೋಟೋ ತೆಗೆಯಿರಿ. ತಂತಿ, ಪೈಪು ಎಲ್ಲಿ ಹೋಗಿವೆ ಎಂದು ಆಮೇಲೆ ಯಾವ ಮೆಕ್ಯಾನಿಕ್ಕಿಗೂ ಅದೇ ದಾರಿ ತೋರಿಸುತ್ತದೆ. ವೈರಿಂಗ್ ನಕ್ಷೆ, ಬ್ಯಾಟರಿ, ಪಂಪ್, ಎಸಿಗಳ ಸೀರಿಯಲ್ ನಂಬರು ಮತ್ತು ಬಿಲ್, ಕಾಟಾ ಚೀಟಿ ಎಲ್ಲ ಕೈಗೆ ಬರುವತನಕ ಕೊನೆಯ ಶೇ 10 ಬಿಡಬೇಡಿ. ಒಳಗೆ ಹಾಕಿಸಿದ ಸಾಮಾನಿನ ಬೆಲೆಯನ್ನೂ ವಿಮೆಯಲ್ಲಿ ಸೇರಿಸಲು ಬಿಲ್ ಬೇಕಾಗುತ್ತದೆ.

ಗಾಡಿ ಮನೆಗೆ ಬಂದ ಮೇಲೆ 100 ಕಿ.ಮೀ.ಗೆ ಗಾಲಿ ನಟ್ ಮತ್ತೆ ಬಿಗಿಸಿ, 1,000 ಕಿ.ಮೀ.ಗೆ ಸೀಟು, ಕಪಾಟು, ಬ್ಯಾಟರಿ ಲಗ್, ಪ್ಯಾನೆಲ್ ಬೋಲ್ಟು ಎಲ್ಲವನ್ನೂ ಒಂದು ಸುತ್ತು ನೋಡಿ. ಪ್ರತಿ ಬೋಲ್ಟಿನ ತಲೆಗೂ ಅದರ ಪಕ್ಕದ ತಗಡಿಗೂ ಸೇರಿಸಿ ಪೇಂಟ್ ಮಾರ್ಕರಿನಿಂದ ಒಂದು ಗೆರೆ ಎಳೆದಿಟ್ಟರೆ, ಗೆರೆ ಮುರಿದದ್ದು ಕಂಡ ಕಡೆ ಮಾತ್ರ ಪಾನಾ ಹಾಕಿದರಾಯಿತು. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಬೆಳಗ್ಗೆ ಹಾಸಿಗೆ ಎತ್ತಿ ಕೆಳಗಿನ ಪ್ಲೈ ಮುಟ್ಟಿ ನೋಡಿ. ಒದ್ದೆ ಇದ್ದರೆ ಅಂದೇ ಫೋಟೋ ತೆಗೆದು ದಿನಾಂಕ ಸಮೇತ ಕಟ್ಟಿದವರಿಗೆ ಕಳಿಸಿ.